ಬಾವಿ ಇರುವುದಿಲ್ಲ

ಮುದ್ದೇಬಿಹಾಳ,
ಸೋಮವಾರ, ೧೨ ಜೂನ್ ೧೯೭೮

ಪ್ರೀತಿಯ ಅಣ್ಣಾ,

ತಮ್ಮ ಬಸಂತನ ಶರಣು. ಕಣ್ಣಿನ ಪಟ್ಟಿ ಬಿಚ್ಚಲು ಇನ್ನೂ ಎಂಟು ದಿನ ಬೇಕೆಂದು ವೈನಿ ಬರೆದಿದ್ದರು. ಉರಿ ಕಡಿಮೆಯಾಯಿತೇ? ಮಗ್ಗಲು ಹೊರಳದೆ ಮಲಗುವುದು ನಿನಗೆ ಆಪರೇಶನ್ನಿಗಿಂತ ದೊಡ್ಡ ಶಿಕ್ಷೆ ಎಂದು ಬಲ್ಲೆ. ಮಿರಜದ ಚಹಾ ಬರೀ ಸಕ್ಕರೆಯೆಂದು ನರ್ಸುಗಳ ಜೊತೆ ವಾದ ಹೂಡಬೇಡ. ಅಲ್ಲಿ ನೀನು ವಕೀಲನಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಒಂದು ಸಲ ಬಂದು ಹೋಯಿತು. ವೈನಿ, ಈ ಪತ್ರವನ್ನು ನಿಮ್ಮ ಗಂಡನಿಗೆ ಸಾವಕಾಶ ಓದಿ ಹೇಳಿರಿ. ಅವನು "ಮುಂದಿಂದು ಓದು" ಎಂದು ಗಡಬಡಿಸಿದರೂ ಒಂದು ಸಾಲನ್ನೂ ಬಿಡಬೇಡಿರಿ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ. ಕ್ರಮ ತಪ್ಪಿದರೆ ನನ್ನಿಂದ ಹೇಳಲಾಗುವುದಿಲ್ಲ. ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ನಮ್ಮ ಹೊಳೆದಂಡೆಯ ಊರಿನಿಂದ ಎಂಬತ್ತಮೂರು ಜನ, ಸರಕಾರ ಗೊತ್ತುಮಾಡಿದ ಪರಿಹಾರ ಸಾಲದೆಂದು ನಮ್ಮ ಕೈಯಲ್ಲಿ ಅರ್ಜಿ ಬರೆಸಲು ಬಂದರು. ಆರು ವಾರದ ಗಡುವು. ಅದು ಈ ಶುಕ್ರವಾರಕ್ಕೆ ಮುಗಿಯುತ್ತದೆ. ಆಮೇಲೆ ಯಾರೂ ಕೇಳುವುದಿಲ್ಲ. ಅಪ್ಪನ ಕಾಲದಿಂದ ನಮ್ಮ ಆಫೀಸಿನ ಬರವಣಿಗೆ ಫಕೀರಸಾಬರದು. ಮೂರು ಪ್ರತಿ ಮಾಡುವುದೂ ಸೇರಿ ಅವರ ಕೈಯಿಂದ ದಿನಕ್ಕೆ ಎರಡು ಅರ್ಜಿ ಏಳುತ್ತವೆ. ಕಾರಣ ಕೈ ನಿಧಾನವೆಂದಲ್ಲ. ಪ್ರತಿ ಸಾಲಿಗೂ ತಲೆಯೆತ್ತಿ ಅವರು ಎದುರಿಗೆ ಕೂತವನನ್ನು ಕೇಳುತ್ತಾರೆ: ಗಿಡ ಎಷ್ಟು, ಬಾವಿ ಐತೇನು, ಒಡ್ಡು ಹಾಕೀರೇನು. ಕಡೆಗೆ "ಮತ್ತೇನರೆ ಮರ್ತೀರೇನು ನೋಡ್ರಿ" ಎಂದು ಬೀಡಿ ಹಚ್ಚಿ ಕಾಯುತ್ತಾರೆ. ಇಪ್ಪತ್ತು ವರ್ಷ ಅವರ ಎದುರಿನ ಕುರ್ಚಿಯಲ್ಲಿ ಕೂತು ನಾನು ಅದನ್ನು ಸೋಮಾರಿತನವೆಂದೇ ತಿಳಿದಿದ್ದೆ.

ಬೇಗ ಪ್ರತಿ ತೆಗೆಯುವ ಯಂತ್ರದ ಆಯ್ಕೆಯನ್ನು ನೀನು ನನಗೆ ಬಿಟ್ಟಿದ್ದೆ. ಮೂರು ದಾರಿ ಇದ್ದವು. ವಿಜಾಪುರದ ಛಾಪಖಾನೆಯಲ್ಲಿ ಫಾರ್ಮು ಅಚ್ಚು ಹಾಕಿಸಿದರೆ ಮೂರು ವಾರ ಹಿಡಿಯುತ್ತಿತ್ತು. ಕನ್ನಡ ಟೈಪರೈಟರು ಸಿಕ್ಕಿತು, ಟೈಪಿಸ್ಟ್ ಸಿಗಲಿಲ್ಲ. ಉಳಿದದ್ದು ಸೈಕ್ಲೋಸ್ಟೈಲ್. ಮೇಣದ ಹಾಳೆಯ ಮೇಲೆ ಉಕ್ಕಿನ ಕಡ್ಡಿಯಿಂದ ಒಮ್ಮೆ ಕೊರೆದರೆ ಸಾಕು, ಹಿಡಿಕೆ ತಿರುಗಿಸಿದಷ್ಟೂ ಪ್ರತಿ. ಹದಿನೈದು ದಿನದ ಪರೀಕ್ಷೆಗೆಂದು ಒಂದನ್ನು ತರಿಸಿದೆ. ಅಷ್ಟರಲ್ಲಿ ನಿನ್ನ ಕಣ್ಣು ಪೂರ್ತಿ ಮಸುಕಾಗಿತ್ತು; ನೀನು ಅದರ ಮಸಿಯ ವಾಸನೆಯನ್ನಷ್ಟೇ ಬಲ್ಲೆ. ಫಕೀರಸಾಬರು ಸುತ್ತಲೂ ತಿರುಗಿ ನೋಡಿ, "ಶಾವಿಗಿ ಮಶೀನ್ ಇದ್ದಂಗ ಐತಲ್ರೀ ಸಣ್ಣ ವಕೀಲರ, ಎಲ್ಲಾ ಎಳಿ ಒಂದ ನಮೂನಿ" ಎಂದರು. ನಾನು ನಗಲಿಲ್ಲ. "ಇನ್ನ ನೀವು ಮನಿಯಾಗ ಆರಾಮ ಇರ್ರಿ" ಎಂದುಬಿಟ್ಟೆ. ಅವರು ಬರೆಯುವ ಟಾಕಿನ ಮೊನೆಯನ್ನು ಅಂಗಿಯ ತುದಿಗೆ ಒರೆಸಿ, ಜೇಬಿಗಿಟ್ಟುಕೊಂಡು ಹೋದರು. ಮರುದಿನದಿಂದ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಗೋಣಿತಟ್ಟು ಹಾಸಿಕೊಂಡು ಕೂತರು. ದಿನಾ ಎರಡು ಸಲ ಅವರ ಮುಂದೆಯೇ ಹಾಯ್ದೆ. ಅವರು ಸಲಾಮು ಮಾಡುತ್ತಿದ್ದರು.

ಮಾದರಿಗೆ ನಾನು ಆರಿಸಿದ್ದು ಅವರೇ ಬರೆದಿದ್ದ ಗುರಪ್ಪನ ಅರ್ಜಿ. ಅಷ್ಟು ಹಸನಾದ ಅರ್ಜಿ ಬೇರೆ ಇರಲಿಲ್ಲ. ಹೆಸರು, ಸರ್ವೆ ನಂಬರು, ಎಕರೆ, ಗಿಡಗಳ ಲೆಕ್ಕಕ್ಕೆ ಜಾಗ ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ಹಾಳೆಗೆ ಕೊರೆದೆ. "ಸದರಿ ಜಮೀನಿನಲ್ಲಿ ಬಾವಿ ಇರುವುದಿಲ್ಲ" ಎಂಬ ಸಾಲೂ ಅದರಲ್ಲಿತ್ತು. ಗುರಪ್ಪನ ಹೊಲದಲ್ಲಿ ಬಾವಿ ಇಲ್ಲ, ಆದ್ದರಿಂದ ಇತ್ತು. ನನಗೆ ಅದು ಒಂದು ಸಂಗತಿಯಾಗಿ ಕಾಣಿಸಲಿಲ್ಲ. ಕಾಗದಪತ್ರದ ಭಾಷೆ ಹೀಗೆಯೇ ಇರುತ್ತದೆಂದು ಕೈ ತಾನಾಗಿ ಕೊರೆಯಿತು. ಕೊನೆಯಲ್ಲಿ "ಮೇಲಿನದನ್ನು ಓದಿ ಹೇಳಲಾಗಿ, ಕೇಳಿ, ಸರಿಯೆಂದು ಒಪ್ಪಿರುತ್ತೇನೆ" ಎಂಬುದನ್ನೂ ಕೊರೆದೆ. ಓದಿ ಹೇಳಿದೆವೆಂದು ಮೊದಲೇ ಅಚ್ಚಾಗಿದ್ದಾಗ ಓದಿ ಹೇಳುವವರು ಯಾರು? ನಾಲ್ಕು ದಿನದಲ್ಲಿ ಎಂಬತ್ತಮೂರೂ ಮುಗಿದವು. ನನಗೆ ಹೆಮ್ಮೆಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮೊನ್ನೆ ಗುರುವಾರ ಹೊನ್ನವ್ವ ಬಂದಳು. ಹೊಳೆಯ ಕೆಳಗಿನ ಮೂರೆಕರೆಯವಳು, ನಿನಗೆ ಗುರುತಿನವಳೇ. ಹಿಂದೆ ಫಕೀರಸಾಬರು. ತನ್ನ ಪ್ರತಿಯನ್ನು ಅವಳು ಬೇವಿನ ಗಿಡದ ಕೆಳಗೆ ಒಯ್ದು ಕೊಟ್ಟಿದ್ದಳಂತೆ: "ಕೇಳಲಾರ್ದೆ ಹೆಬ್ಬಟ್ಟು ಒತ್ತೀನಿ, ಇನ್ನರೆ ಕೇಳೂಣು, ಓದ್ರಿ." ನನ್ನ ಮೇಜಿನ ಮೇಲೆ ಕಾಗದ ಇಟ್ಟು ಆ ಸಾಲಿಗೆ ಬೆರಳು ಒತ್ತಿ ನಿಂತಳು. ಫಕೀರಸಾಬರು ಅವಳಿಗೆ ಜಾಗ ತೋರಿಸಿಕೊಟ್ಟಿರಬೇಕು. "ಬಾವಿ ಇಲ್ಲಂದ್ರ ಮೂವತ್ತು ವರ್ಷ ನಾ ನೀರು ಎಲ್ಲಿಂದ ಸೇದೀನ್ರೀ ವಕೀಲರ? ನಿಮ್ಮ ಮಶೀನಿನಾಗಿಂದೇನು?" ಹೊರಗೆ ಕೂತವರು ನಕ್ಕರು. ಅವಳು ನಗಲಿಲ್ಲ. ಗಂಡ ಆ ಬಾವಿಯ ಕಲ್ಲು ಒಡೆಯುವಾಗ ಎರಡು ಬೆರಳು ಕಳೆದುಕೊಂಡಿದ್ದನ್ನು ಹೇಳಿದಳು. ನಾಳೆ ನೀರು ಏರಿ ಎಲ್ಲವನ್ನೂ ಮುಚ್ಚಿದ ಮೇಲೆ, ಬಾವಿ ಇತ್ತೆನ್ನುವುದಕ್ಕೆ ಉಳಿಯುವುದು ಈ ಕಾಗದ ಮಾತ್ರ. ಅದರಲ್ಲೇ ಇಲ್ಲವೆಂದರೆ ಇಲ್ಲ.

ಫಕೀರಸಾಬರು ಗೋಣಿತಟ್ಟನ್ನು ಮಡಚಿ ಮೂಲೆಗಿಟ್ಟು, ತಮ್ಮ ಹಳೆಯ ಜಾಗಕ್ಕೆ ಕೂತು ಇನ್ನೂ ಸಲ್ಲಿಸದ ಅರ್ಜಿಗಳ ಕಟ್ಟು ಬಿಚ್ಚಿದರು. ಅವರಿಗೆ ಆ ಹೊಲಗಳು ನೆನಪಿವೆ. ನನ್ನ ಮುಖ ನೋಡದೆಯೇ ಹನ್ನೊಂದು ಅರ್ಜಿಗಳನ್ನು ಬೇರೆ ತೆಗೆದಿಟ್ಟರು. ಹನ್ನೊಂದು ಬಾವಿ. ಅಂದಿನಿಂದ ಅವರು ಬರೆಯುತ್ತಿದ್ದಾರೆ, ನಾನು ಜನರನ್ನು ಹುಡುಕುತ್ತಿದ್ದೇನೆ. ಒಬ್ಬ ಬಸವನ ಬಾಗೇವಾಡಿಯಲ್ಲಿ ಹೊಸ ಮನೆಗೆ ತಳಪಾಯ ತೆಗೆಸುತ್ತಿದ್ದ. ಅಲ್ಲೇ ಕಲ್ಲಿನ ಮೇಲೆ ಕೂತು ಓದಿ ಹೇಳಿದೆ. ಸಿದ್ದವ್ವ ಎಂಬ ಮುದುಕಿ ಮೋರಟಗಿಯಲ್ಲಿ ಮಗಳ ಮನೆಗೆ ಹೋಗಿದ್ದಳು. ಅವಳಿಗೆ ಕಿವಿ ಮಂದ, ಎರಡು ಸಲ ಕೂಗಿ ಓದಬೇಕಾಯಿತು. ಓಣಿಗೆಲ್ಲ ಕೇಳಿಸಿತು. ಇಂದಿಗೆ ಹತ್ತು ಮುಗಿದವು. ಒಂದು ಉಳಿದಿದೆ.

ಯಂತ್ರವನ್ನು ಇಟ್ಟುಕೊಳ್ಳುವುದೇ, ತಿರುಗಿ ಕಳಿಸುವುದೇ ಎಂದು ನೀನು ಕೇಳುತ್ತೀ. ಇಟ್ಟುಕೊಳ್ಳೋಣ. ಅದು ಕೊಟ್ಟದ್ದನ್ನು ಕೊಟ್ಟಂತೆ ಹೇಳಿತು, ಅದರ ತಪ್ಪಿಲ್ಲ. ಆದರೆ ಬಾವಿಗೆ ಜಾಗ ಖಾಲಿ ಬಿಟ್ಟು ಹೊಸ ಹಾಳೆ ಕೊರೆದಿದ್ದೇನೆ. ಕೊನೆಯ ಸಾಲನ್ನು ಕೊರೆದಿಲ್ಲ. ಓದಿ ಹೇಳಿದ ಮೇಲೆ ಅದನ್ನು ಫಕೀರಸಾಬರು ಕೈಯಿಂದ ಬರೆಯುತ್ತಾರೆ. ಈ ಕರಾರನ್ನು ಹಾಕಿದವರು ಅವರು. ಇದನ್ನು ಒಪ್ಪಿದರೆ ಮಾತ್ರ ಕೆಲಸಕ್ಕೆ ಕೂಡುವೆನೆಂದರು.

ನಾಳೆ ಮೊದಲ ಬಸ್ಸಿಗೆ ಅವರೇ ಈ ಪತ್ರ ತರುತ್ತಾರೆ. ಅವರ ಊಟದ ವ್ಯವಸ್ಥೆ ನೋಡಿರಿ, ವೈನಿ. ಕೇಳಿದರೆ ಹಸಿವಿಲ್ಲ ಎನ್ನುವ ಜಾತಿ. ನಿಮ್ಮಿಬ್ಬರ ಪಾದಗಳಿಗೆ ನಮಸ್ಕಾರ. ಪಟ್ಟಿ ಬಿಚ್ಚಿದ ದಿನ ಮೊದಲು ಏನು ಕಂಡಿತೆಂದು ಬರೆಸು.

ನಿನ್ನ
ಬಸಂತರಾಯ

ತಾ.ಕ.: ಹನ್ನೊಂದನೆಯದು ನಮ್ಮ ಹೊಲ. ನಿನ್ನ ಹೆಸರಿನ ಅರ್ಜಿಯಲ್ಲೂ ಅಪ್ಪ ತೋಡಿಸಿದ ಬಾವಿ ಇಲ್ಲ. ಅದರ ಖಾಲಿ ಜಾಗಗಳನ್ನು ತುಂಬಿದವನು ನಾನೇ. ಮಿರಜಕ್ಕೆ ಹೊರಟ ದಿನ ನೀನು "ಓದೋ" ಎಂದೆ. "ಎಲ್ಲಾ ಒಂದ ನಮೂನಿ ಐತಿ, ಬಸ್ ಬಂತು" ಎಂದು ನಿನ್ನ ಕೈ ಹಿಡಿದು ಸಹಿಯ ಜಾಗಕ್ಕೆ ಇಟ್ಟೆ. ಆ ಬಾವಿಯಲ್ಲಿ ನನಗೆ ಈಜು ಕಲಿಸಿದವನು ನೀನು. ಹೊಸ ಅರ್ಜಿ ಫಕೀರಸಾಬರ ಚೀಲದಲ್ಲಿದೆ. ಗುರುವಾರ ಬೆಳಗಿನ ಬಸ್ಸಿಗೆ ಅವರು ತಿರುಗಿ ಹೊರಡಲೇಬೇಕು. ಆದರೂ ಅವಸರ ಮಾಡಬೇಡ. ಅವರು ಪೂರ್ತಿ ಓದಿ, "ಮತ್ತೇನರೆ ಮರ್ತೀರೇನು" ಎಂದು ಕೇಳುವವರೆಗೆ ಸಹಿ ಹಾಕಬೇಡ.