ವಾಲ್ಯೂಮ್ ಗುಂಡಿಯ ಮೇಲಿನ ಬೆರಳು

೧೪ ಡಿಸೆಂಬರ್ ೧೯೯೭, ಭಾನುವಾರ. ಶಿಕಾರಿಪುರ

ಆ ಬೆರಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಸೊರಬದ ಗೌಸ್ ಸಾಹೇಬರು ನಮ್ಮ ಹೊಸ ಸಿಡಿ ಪ್ಲೇಯರ್ ಕೇಳಲು ಬಂದಿದ್ದರು. ನಮ್ಮ ಯಜಮಾನರು ಅವರನ್ನೂ ಕಣ್ಣು ಮುಚ್ಚಿಸಿ ಕೂರಿಸಿದರು. ಒಂದೇ ಹಾಡು, ಮೊದಲು ಕ್ಯಾಸೆಟ್‌ನಲ್ಲಿ, ಆಮೇಲೆ ಸಿಡಿಯಲ್ಲಿ. ನಾನು ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸಿಡಿ ಶುರುವಾಗುವ ಹೊತ್ತಿಗೆ ಇವರ ಬೆರಳು ವಾಲ್ಯೂಮ್ ಗುಂಡಿಯನ್ನು ಎಳ್ಳಷ್ಟು ತಿರುಗಿಸಿತು.

“ಎರಡನೇದೇ ಬಾಳ ಚೆನ್ನಾಗಿದೆ ರೀ,” ಅಂದರು ಸಾಹೇಬರು.

ದೀಪಾವಳಿಗೆ ಮುಂಚೆ ನಾನೂ ಹಾಗೇ ಅಂದಿದ್ದೆ. ನನಗೆ ಮೊದಲು ಕೇಳಿಸಿದ್ದು ಅಪ್ಪ ಕೊಟ್ಟ ಗ್ರಾಮಫೋನ್ ಪ್ಲೇಟು, ಆಮೇಲೆ ಸಿಡಿ. ಎರಡನೆಯದರಲ್ಲಿ ತಂಬೂರಿ ಹತ್ತಿರ ಬಂದು ಕೂತಂತಿತ್ತು. ಹಾಗೆ ಹೇಳಿದ ಮೇಲೇ ಅಪ್ಪನ ಪ್ಲೇಟುಗಳೆಲ್ಲ ಜಡೆ ಊರಿನ ಭಜನಾ ಮಂಡಳಿಗೆ ಹೋದವು.

ಸಾಹೇಬರು ಹೋದ ಮೇಲೆ ಕೇಳಿದೆ, “ನಂಗೂ ಹಿಂಗೇ ಮಾಡಿದ್ರಾ?”

“ಒಂಚೂರು ಜಾಸ್ತಿ ಇಟ್ಟಿದ್ದೆ. ಅದ್ರಾಗೇನೈತಿ? ಚಲೋ ಐತಿ ಅಂದಾಕಿ ನೀನೇ ಅಲ್ಲ?” ಅಂದು ನಕ್ಕರು.

ತುಸು ಜೋರಾದದ್ದು ಯಾರಿಗೂ ಜೋರು ಅನಿಸುವುದಿಲ್ಲ, ಚಂದ ಅನಿಸುತ್ತದೆ. ಇವರಿಗೆ ಅದು ಗೊತ್ತಿತ್ತು. ‘ಪ್ಲೇಟು ಬೇಡ, ಜಾಗ ಸಾಲದು’ ಅಂದಿದ್ದರೆ ಜಗಳವಾಡಿ ಕೊನೆಗೆ ಒಪ್ಪುತ್ತಿದ್ದೆ. ಅದನ್ನು ನನ್ನ ಬಾಯಿಂದಲೇ ಹೇಳಿಸಬೇಕಿತ್ತೇ?

ಈಗ ಮತ್ತೆ ಅದೇ ಹಾಡು ಹಾಕಿದ್ದಾರೆ. “ಹೆಂಗೈತಿ?” ಅಂತ ಪಡಸಾಲೆಯಿಂದ ಕೂಗಿದರು.

ಅವತ್ತು ಕಣ್ಣು ಮುಚ್ಚು ಅಂದರು, ಮುಚ್ಚಿದೆ. ಒಂದು ಸಲವೂ ಕದ್ದು ನೋಡಲಿಲ್ಲ.