ಓದಿದ ಹಾಗೆ

ಮಂಗಳವಾರ, ಹದಿನಾಲ್ಕನೆಯ ತಾರೀಖು
ಶಾಸನಸಭೆಯ ಕಟ್ಟಡ, ವರದಿಗಾರರ ಕೋಣೆ. ಸಮಿತಿಯ ಕೊನೆಯ ಸಭೆ ಹನ್ನೆರಡೂವರೆಗೆ ಮುಗಿಯಿತು.

ಪ್ರೀತಿಯ ಗಡಿಬಿಡಿ,

ಹೇಗಿದ್ದೀಯ? ಎಡ ದವಡೆಯ ಹಲ್ಲು ಕಿತ್ತರೋ, ಇನ್ನೂ ಸರದಿ ಕಾಯುತ್ತಿದ್ದೀಯೋ? ನೋವಿನ ಮಾತ್ರೆ ಹೊರಗಿನಿಂದ ಕಳಿಸುವ ಹಾಗಿಲ್ಲವಂತೆ, ಕೇಳಿ ನೋಡಿದೆ. ಉಪ್ಪುನೀರು ಮುಕ್ಕಳಿಸುತ್ತಿರು. ನಿನಗಿಂತ ಮೊದಲು ಈ ಪತ್ರ ಓದುವ ಅಧಿಕಾರಿಗಳಿಗೂ ನಮಸ್ಕಾರ. ಅವರ ಕಣ್ಣಿಗೆ ತೊಂದರೆಯಾಗದಿರಲಿ ಎಂದು ಅಕ್ಷರ ದುಂಡಗೆ ಬರೆಯುತ್ತಿದ್ದೇನೆ. ಅಮ್ಮ ಲಾಂಡ್ರಿ ಕೆಲಸ ಬಿಟ್ಟಿಲ್ಲ. ಮೊಣಕಾಲು ಮಡಚಲಾಗದೆ ಇಸ್ತ್ರಿ ಮೇಜಿನ ಮುಂದೆ ಎತ್ತರದ ಸ್ಟೂಲು ಹಾಕಿಸಿಕೊಂಡಿದ್ದಾಳೆ. ಯಾರದೋ ಅಂಗಿಗೆ ಇಸ್ತ್ರಿ ಹಾಕುತ್ತಾ, ಈಗ ನಿನ್ನ ಭುಜ ಎಷ್ಟು ಅಗಲ ಇರಬಹುದು ಎಂದು ನನ್ನನ್ನು ಕೇಳುತ್ತಾಳೆ. ಕೈಯಗಲಿಸಿ ತೋರಿಸುತ್ತೇನೆ. ಹನ್ನೊಂದು ವರ್ಷದಿಂದ ಅವಳು ನಿನ್ನನ್ನು ನೋಡಿರುವುದು ನನ್ನ ಎರಡು ಕೈಗಳ ನಡುವಿನ ಅಂತರದಲ್ಲಿ ಮಾತ್ರ.

ಸುದ್ದಿ ಒಳ್ಳೆಯದಲ್ಲ, ಸುತ್ತು ಬಳಸಿ ಹೇಳುವುದಿಲ್ಲ. ಹದಿನಾರು ತುಂಬಿದವರನ್ನು ದೊಡ್ಡವರ ಕೋರ್ಟಿಗೆ ಕಳಿಸುವ ಕಾನೂನನ್ನು ಸಮಿತಿ ಎಂಟು ತಿಂಗಳು ಪರಿಶೀಲಿಸಿತು. ಆ ವಯಸ್ಸನ್ನು ಹದಿನೆಂಟಕ್ಕೆ ಏರಿಸಲು ಎಲ್ಲರೂ ಒಪ್ಪಿದ್ದಾರೆ. ಆದರೆ ಅದು ಇನ್ನು ಮುಂದೆ ಸಿಕ್ಕಿಬೀಳುವವರಿಗೆ. ಈಗಾಗಲೇ ಒಳಗಿರುವವರ ಶಿಕ್ಷೆಯನ್ನೂ ಮತ್ತೆ ನೋಡಬೇಕೆನ್ನುವ ಒಂಬತ್ತನೆಯ ಕಲಮನ್ನು ಇವತ್ತು ಕೈಬಿಟ್ಟರು. ನಿನಗೆ ಇನ್ನೂ ಹನ್ನೊಂದು ವರ್ಷ ಉಳಿದಿದೆ, ಮೊನ್ನೆ ಎಷ್ಟಿತ್ತೋ ಅಷ್ಟೇ.

ಅದು ಹೇಗಾಯಿತೆಂದು ನಿನಗೆ ತಿಳಿದಿರಬೇಕು. ನಾವು ವರದಿಗಾರರು ಹತ್ತು ಹತ್ತು ನಿಮಿಷದ ಸರದಿಯಲ್ಲಿ ಒಳಗೆ ಹೋಗಿ, ಆಡಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಂಡು ಬರುತ್ತೇವೆ. ಒಂಬತ್ತನೆಯ ಕಲಮು ಬರುವ ಹೊತ್ತಿಗೆ ಸರಿಯಾಗಿ ನಾನೇ ಇರಲೆಂದು ಪಕ್ಕದ ಮೇಜಿನವಳ ಜೊತೆ ಸರದಿ ಬದಲಿಸಿಕೊಂಡೆ. ನನ್ನ ಹತ್ತು ನಿಮಿಷದಲ್ಲಿ ನಾಲ್ಕು ಆ ಕಲಮಿಗೆ ಹೋಯಿತು. ಉಳಿದ ಆರು ನಿಮಿಷ, ವರದಿಯ ರಟ್ಟು ನೀಲಿ ಇರಬೇಕೋ ಬೂದು ಇರಬೇಕೋ ಎಂಬುದಕ್ಕೆ. ಒಳಗಿರುವವರಿಂದ ಬಂದ ಅರವತ್ತಮೂರು ಪತ್ರಗಳ ಕಟ್ಟು ಮೇಜಿನ ಮೇಲಿತ್ತು. ಅಧ್ಯಕ್ಷರು ಅದನ್ನು ಬೆರಳಿನಿಂದ ಸ್ವಲ್ಪ ಆಚೆ ಸರಿಸಿ, "ಇದನ್ನೆಲ್ಲ ಓದಿದ ಹಾಗೆ ಅಂತ ಇಟ್ಕೊಳ್ಳೋಣ, ಏನಂತೀರಿ?" ಅಂದರು. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಸದಸ್ಯೆಯೊಬ್ಬರು ಮಾತ್ರ, "ಒಂದನ್ನಾದ್ರೂ ಓದಬಾರದಾ ಸಾರ್?" ಎಂದು ಕೇಳಿದರು. "ಯಾವುದನ್ನ ಅಂತ ಓದೋಣಮ್ಮ? ಒಂದು ಓದಿದ್ರೆ ಉಳಿದ ಅರವತ್ತೆರಡಕ್ಕೆ ಅನ್ಯಾಯ ಆಗಲ್ವಾ?" ಎಲ್ಲರೂ ನಕ್ಕರು. ಆಕೆಯೂ ನಕ್ಕರು. ಸಭೆಯಲ್ಲಿ ನಕ್ಕರೆ ಕಂಸದೊಳಗೆ 'ನಗು' ಎಂದು ಬರೆಯುವುದು ನಮ್ಮ ರೂಢಿ. ಬರೆದೆ. ಅದರ ಮುಂದಿನ ಸಾಲಿನಲ್ಲಿ, 'ಪತ್ರಗಳನ್ನು ಓದಲಾಗಿದೆಯೆಂದು ಪರಿಗಣಿಸಲಾಯಿತು' ಎಂದೂ ಬರೆದೆ. ಆಡಿದ್ದನ್ನು ಬರೆಯುವುದಷ್ಟೇ ನಮ್ಮ ಕೆಲಸ. ಒಂದಕ್ಷರವೂ ತಪ್ಪಲಿಲ್ಲ ಎನ್ನುವುದನ್ನೂ ನಿನಗೆ ಹೇಳಿಬಿಡುತ್ತೇನೆ.

ಸಭೆ ಮುಗಿದ ಮೇಲೆ ಕಾಗದಗಳು ನಮ್ಮ ಕೋಣೆಗೆ ಬರುತ್ತವೆ, ಸಂಖ್ಯೆ ಹಾಕಿ ಅನುಬಂಧಕ್ಕೆ ಸೇರಿಸುವುದಕ್ಕೆ. ಕಟ್ಟಿನ ದಾರ ಯಾರೂ ಬಿಚ್ಚಿರಲಿಲ್ಲ. ಗಂಟು ಬಿಗಿದುಕೊಂಡು, ಹಲ್ಲಿನಲ್ಲಿ ಕಚ್ಚಿ ಬಿಡಿಸಬೇಕಾಯಿತು. ನಲವತ್ತೊಂದನೆಯದು ನಿನ್ನದು. ಸಮಿತಿಗೆ ಬರೆದಿದ್ದೀಯೆಂದು ನೀನು ನನಗೆ ಹೇಳಿರಲೇ ಇಲ್ಲ. ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು: ಸಾಲು ಮುಗಿಯುವ ಮೊದಲೇ ಕೆಳಗಿನ ಸಾಲಿಗೆ ಹಾರುವ ನಿನ್ನ ಹಳೆಯ ಆತುರ. ಅಂಗಡಿಯವನನ್ನು ನೂಕಿದ್ದು ಉಳಿದಿಬ್ಬರು, ಆದರೆ ಬಾಗಿಲಲ್ಲಿ ನಿಂತು ಕಾವಲು ಕಾದಿದ್ದು ನಾನೇ, ಅಂಗಡಿಯವನು ಸತ್ತನೆಂದು ಮಾರನೆಯ ದಿನ ತಿಳಿಯಿತು ಎಂದು ಯಾವ ನೆಪವೂ ಇಲ್ಲದೆ ಬರೆದಿದ್ದೀಯ. ಚೆನ್ನಾಗಿ ಬರೆದಿದ್ದೀಯ ಕಣೋ.

ಆಮೇಲೆ ನಿನ್ನ ಎರಡು ಹುಟ್ಟುಹಬ್ಬದ ವಿಷಯ. ಶಾಲೆಗೆ ಸೇರಿಸುವಾಗ ಅಪ್ಪ ತಿಂಗಳು ತಪ್ಪಿ ಹೇಳಿದ್ದರು, ನೀನು ಎರಡೂ ತಾರೀಖಿಗೆ ಉಡುಗೊರೆ ಕೇಳುತ್ತಿದ್ದೆ. ಶಾಲೆಯ ಲೆಕ್ಕದಲ್ಲಿ ನಿನಗೆ ಆ ದಿನ ಹದಿನಾರು ತುಂಬಿರಲಿಲ್ಲ. ನೀನು ಹುಟ್ಟಿದಾಗ ಆಸ್ಪತ್ರೆಯವರು ಕೊಟ್ಟ ಚೀಟಿಯ ಲೆಕ್ಕದಲ್ಲಿ ತುಂಬಿ ಒಂಬತ್ತು ದಿನ. ಚೀಟಿ ಕೋರ್ಟಿಗೆ ಬಂದಾಗ ಅದರ ಮೇಲೆ 'ಮನೆಯವರಿಂದ ಪಡೆದದ್ದು' ಎಂದಷ್ಟೇ ಇತ್ತು ಅಂತ ಬರೆದಿದ್ದೀಯ. ಅದರ ಕೆಳಗೆ: "ಚೀಟಿ ಇಟ್ಟಿದ್ದ ಪೆಟ್ಟಿಗೆಯ ಕೀಲಿಕೈ ಅಮ್ಮನ ಹತ್ತಿರ ಇರುತ್ತಿತ್ತು. ಅದಕ್ಕೇ ಅಮ್ಮನನ್ನು ನೋಡಲು ಬರಬೇಡ ಅಂದೆ. ಸಿಟ್ಟು ಹೋಗಿ ಬಹಳ ಕಾಲವಾಯಿತು. ಈಗ ಬಾ ಎಂದು ಹೇಗೆ ಕರೆಯಬೇಕೋ ಗೊತ್ತಾಗುತ್ತಿಲ್ಲ."

ಅರವತ್ತಮೂರರಲ್ಲಿ ಈ ಒಂದನ್ನು ಈ ಕಟ್ಟಡದಲ್ಲಿ ಒಬ್ಬರು ಓದಿದ್ದಾರೆ, ಮೂರು ಸಲ. ಅದರಿಂದ ನಿನ್ನ ಒಂದು ದಿನವೂ ಕಡಿಮೆಯಾಗುವುದಿಲ್ಲ ಎಂದು ಗೊತ್ತು. ಮುಂದೆ ಇನ್ನೊಂದು ಸಮಿತಿ ಬರಬಹುದು ಎಂದು ಪಕ್ಕದ ಮೇಜಿನವಳು ಸಮಾಧಾನ ಹೇಳಿದಳು, ಯಾರಿಗಾಗಿ ಅಳುತ್ತಿದ್ದೇನೆಂದು ಗೊತ್ತಿಲ್ಲದೆಯೇ. ನನಗೆ ಆ ನಂಬಿಕೆ ಇಲ್ಲ, ನಿನಗೆ ಅದನ್ನು ಕೊಡುವುದಕ್ಕೂ ಮನಸ್ಸಿಲ್ಲ.

ಹಲ್ಲಿನ ಕಡೆ ಗಮನ ಕೊಡು. ನಿನ್ನ ಜೊತೆಯ ಬಡಗಿ ತಾತನಿಗೆ ನನ್ನ ನಮಸ್ಕಾರ ತಿಳಿಸು. ತಣ್ಣೀರಿನಲ್ಲಿ ತಲೆಸ್ನಾನ ಮಾಡಬೇಡ.

ನಿನ್ನ ಅಕ್ಕ,
ಅಳತೆಗೋಲು
(ನೀನಿಟ್ಟ ಹೆಸರೇ, ಈಗಲೂ ಸರಿಹೊಂದುತ್ತದೆ)

ತಾ.ಕ.: ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಚೀಟಿ ಕೊಟ್ಟವಳು ಅಮ್ಮ ಅಲ್ಲ, ನಾನು. ಕೋರ್ಟಿನಿಂದ ವಿಚಾರಣೆಗೆ ಬಂದ ಅಧಿಕಾರಿ ಹುಟ್ಟಿದ ದಾಖಲೆ ಏನಾದರೂ ಇದೆಯಾ ಎಂದು ಕೇಳಿದಾಗ ಅಮ್ಮ ಲಾಂಡ್ರಿಯಲ್ಲಿದ್ದಳು. ಶಾಲೆಯದು ಸಾಕು ಎಂದು ವಕೀಲರು ಹೇಳಿದ್ದರು. ನನಗೆ ಆಗ ಹತ್ತೊಂಬತ್ತು ವರ್ಷ. ಸರಿಯಾದದ್ದನ್ನು ಕೊಟ್ಟರೆ ನಮ್ಮ ಮಾತು ನಂಬುತ್ತಾರೆ ಎಂದುಕೊಂಡು, ಅಮ್ಮ ಇಡುವ ಜಾಗದಿಂದ ಕೀಲಿಕೈ ತೆಗೆದುಕೊಂಡು ಪೆಟ್ಟಿಗೆ ತೆರೆದೆ. ಅಪ್ಪ ತಪ್ಪಿದ ತಿಂಗಳನ್ನೂ ನಾನೇ ಬೆರಳಿಟ್ಟು ತೋರಿಸಿದೆ. "ನಿಮ್ಮಂಥವರು ಅಪರೂಪ ಕಣಮ್ಮ" ಎಂದು ಹೇಳಿ ಆ ಅಧಿಕಾರಿ ಹೋದರು. ನೀನು ಬರಬೇಡ ಅಂದಾಗ ಅಮ್ಮ, ಅವನಿಗೆ ನಾಚಿಕೆ, ಬಿಡು ಅಂದಳು. ನಾನೂ ಹೌದು ಅಂದೆ. ಚೀಟಿ ಪೆಟ್ಟಿಗೆಯಲ್ಲಿಲ್ಲ ಎನ್ನುವುದೇ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆರು ಗಂಟೆಗೆ ಮನೆಗೆ ಬರುತ್ತಾಳೆ, ಇವತ್ತೇ ಹೇಳುತ್ತೇನೆ. ಈಗ ನಾಲ್ಕು ಹತ್ತು. ನಿನ್ನ ಭೇಟಿಯ ಪಟ್ಟಿಯಲ್ಲಿ ಒಂದೇ ಹೆಸರಿಗೆ ಜಾಗವಿದೆ. ನನ್ನದನ್ನು ಹೊಡೆದುಹಾಕಿ ಅವಳದನ್ನು ಬರೆಸು.