ದೊಡ್ಡಪ್ಪನ ಹೆಸರಲ್ಲಿ ಏರಿಸಿದ ಪುಟಗಳು

ಪಾಟನ್
ಚಿಲ್ಲಾ ಮಾಸದ ಶುದ್ಧ ಬಿದಿಗೆ, ನೇಪಾಳ ಸಂವತ್ ೧೧೪೪

ಪ್ರೀತಿಯ ತಮ್ಮ ಹೇಮಕಾಜಿಗೆ, ಅಕ್ಕನ ಆಶೀರ್ವಾದ.

ಬೆನ್ನುನೋವು ಹೇಗಿದೆ? ಲಿಸ್ಬನ್ನಿನಲ್ಲಿ ಸಾಸಿವೆ ಎಣ್ಣೆ ಸಿಗುತ್ತದೋ ಇಲ್ಲವೋ. ದಿನವಿಡೀ ಹೋಟೆಲಿನಲ್ಲಿ ಊರಿಗೆಲ್ಲ ಬೇಯಿಸಿ ಹಾಕಿ, ನೀನು ಮಾತ್ರ ಅವಲಕ್ಕಿ ಮುಕ್ಕಿ ಮಲಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನಾನು ಮಾತ್ರ ಕೆಂಡವಾಗಿದ್ದೇನೆ.

ನೀನು ಬಿಡುವಿನಲ್ಲಿ ಪುಟ ಪರಿಶೀಲಿಸಿಕೊಡುವ ಆ ತಂತ್ರಾಂಶ ಇದೆಯಲ್ಲ, ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು ಅನ್ನುವುದು, ಅದರ ಸಹಾಯ ಪುಟಗಳನ್ನು ನಮ್ಮ ನೇವಾರ ಭಾಷೆಗೆ ತರಲು ನಾನು ಹೊರಟದ್ದು ನಿನಗೆ ಗೊತ್ತು. ಕ್ಲಾಸಿನಲ್ಲಿ ಮಕ್ಕಳು "ಟೀಚರ್, ಇದರಲ್ಲಿ ನಮ್ಮ ಮಾತು ಯಾಕಿಲ್ಲ?" ಅಂದರೆ ಎಷ್ಟು ದಿನ ಹಾರಿಕೆಯ ಉತ್ತರ ಕೊಡಲಿ? ಜನ ಸೇರಿಸಲು ನನಗೆ ಗೊತ್ತಿದ್ದದ್ದು ಒಂದೇ ದಾರಿ, ನಮ್ಮವರು ಪೂಜೆಗೆ, ಊಟಕ್ಕೆ ಕೂಡುವ ಗುಠಿ. ಮನೆತನದ ಗುಠಿಯ ಹಾಗೆಯೇ ಸರದಿ ಹಾಕಿದೆ: ಶನಿವಾರಕ್ಕೊಬ್ಬರ ಮನೆ, ಅವರದೇ ಅವಲಕ್ಕಿ, ಹುರಿದ ಸೋಯಾ, ಅವರ ಪಾಲಿನ ಹನ್ನೆರಡು ಪುಟ. ಮೂರು ಸಲ ತಪ್ಪಿಸಿದವರು ಹೊರಗೆ. ಗಂಡಸರ ಗುಠಿಗೆ ನಾನು ಪಾತ್ರೆ ತೊಳೆಯಲಷ್ಟೇ ಬೇಕಾಗಿದ್ದೆ. ಇದರಲ್ಲಿ ಚಾಪೆಯ ಮೇಲೆ ಕೂತಿದ್ದೇನೆ. ನಾವು ಹದಿನೇಳು ಜನ. ಹದಿನೆಂಟನೆಯ ಪಾಲನ್ನು ದೊಡ್ಡಪ್ಪ ನಿನಗೆಂದು ಇಟ್ಟರು, ನೀನು ಎರಡು ಸಲ ಮುಂದೂಡಿದೆ.

ದೊಡ್ಡಪ್ಪನಿಗೆ ಈಗ ಎಂಬತ್ತೊಂದು. ಮೌಸ್ ಹಿಡಿಯಲು ಬರದು, ಆದರೆ ಅವರ ಕೆಂಪು ಪೆನ್ಸಿಲ್ ದಾಟದೆ ಒಂದು ಹಾಳೆಯೂ ಹೋಗಿಲ್ಲ. ತಾಮ್ರ ಬಡಿದು ಪಳಗಿದ ಕಿವಿ. ವಾಕ್ಯ ಓದಿದರೆ ಕಣ್ಣು ಮುಚ್ಚಿಕೊಂಡು "ಇದು ಬಿರುಕು ಬಿಟ್ಟಿದೆ, ಮತ್ತೆ ಮಾಡ್ಕೊಂಡು ಬಾ" ಅನ್ನುತ್ತಿದ್ದರು. ಕಾಗದ ಬರೆಯುವ ಬಗೆ ಹೇಳುವ ಪುಟದಲ್ಲಿ ಯಾರೋ ಸ್ಮಿತ್‌ಗೆ ಬರೆದ ಮಾದರಿ ಇತ್ತು. "ಈ ಸ್ಮಿತ್ ನಮಗೇನಾಗ್ಬೇಕು?" ಅಂತ ಹೊಡೆದುಹಾಕಿ ತಾವೇ ಬೇರೆ ಬರೆಸಿದರು.

ಪುಟಗಳನ್ನು ಜಾಲಕ್ಕೆ ಏರಿಸುವ ದಿನ ನಾನು ನನ್ನ ಹೆಸರು ಹಾಕಹೋದೆ. ಪಕ್ಕದ ಮನೆಯ ಜ್ಞಾನಕೇಸರಿ "ಹಿರಿಯರಿರುವಾಗ ನಿನ್ನ ಹೆಸರು ಮುಂದೆ ಬರುತ್ತದೇನೇ?" ಅಂದಳು. ಸರಿಯೇ. ಗುಠಿಯ ಊಟದಲ್ಲಿ ಮೇಕೆಯ ಬಲಗಣ್ಣು ಹಿರಿಯನ ಎಲೆಗಲ್ಲದೆ ಬೇರೆಲ್ಲಿ ಬೀಳುತ್ತದೆ? ದೊಡ್ಡಪ್ಪನ ಹೆಸರಲ್ಲೇ ಇನ್ನೂರನಾಲ್ಕು ಪುಟ ಒಂದೇ ಮಧ್ಯಾಹ್ನ ಏರಿಸಿದೆ. ಸೋಮವಾರ ನೋಡಿದರೆ ಒಂದೂ ಇಲ್ಲ. ಒಬ್ಬನೇ ಮನುಷ್ಯ, ಮೂರು ಗಂಟೆಯಲ್ಲಿ ಇಷ್ಟು ಪುಟ, ಹಾಗಾಗಿ ಯಂತ್ರದ ಅನುವಾದ, ಅಳಿಸಲಾಗಿದೆ ಅಂತ ಒಂದು ಸಾಲು. ಈ ತಿಂಗಳೊಳಗೆ ಎಲ್ಲ ಪುಟ ಸೇರದಿದ್ದರೆ ಹೊಸ ಆವೃತ್ತಿಯಲ್ಲಿ ನಮ್ಮ ಭಾಷೆಯ ಹೆಸರೇ ಇರುವುದಿಲ್ಲ.

ತಪ್ಪಾಯಿತು ಅಂತ ಬರೆದುಬಿಡು ಅಂದರು ಕೆಲವರು. ಬರೆಯಲಿಲ್ಲ, ಬರೆಯುವುದೂ ಇಲ್ಲ. ಹಿರಿಯರಿಗೆ ಮರ್ಯಾದೆ ಕೊಟ್ಟದ್ದಕ್ಕೆ ಯಾರ ಮುಂದೆ ತಲೆ ತಗ್ಗಿಸಲಿ? ನಿನ್ನೆಯಿಂದ ಎಲ್ಲರೂ ಶಾಲೆಯ ಕೋಣೆಯಲ್ಲಿ ವಯಸ್ಸಿನ ಕ್ರಮದಲ್ಲಿ ಕೂತು, ಅವರವರ ಪುಟವನ್ನು ಅವರವರ ಹೆಸರಲ್ಲಿ ಅವರವರೇ ಕೀಲಿ ಒತ್ತಿ ಏರಿಸುತ್ತಿದ್ದಾರೆ. ದೊಡ್ಡಪ್ಪನಿಗೆ ಒಂದು ಬೆರಳಲ್ಲಿ ಒಂದು ಪುಟಕ್ಕೆ ಇಡೀ ಬೆಳಗ್ಗೆ ಬೇಕಾಯಿತು. ಬೆರಳು ನೀವಿಕೊಳ್ಳುತ್ತ "ಈಗ ಯಂತ್ರ ಅನ್ಲಿ, ನೋಡೋಣ" ಅಂದರು. ಕೆಂಪು ಪೆನ್ಸಿಲಿನ ಹಾಳೆಗಳ ಫೋಟೋವನ್ನೂ ಜೊತೆಗಿಟ್ಟಿದ್ದೇನೆ. ಮತ್ತೆ ಅಳಿಸಿದರೆ ಮತ್ತೆ ಏರಿಸುತ್ತೇವೆ.

ಮನೆದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಚಂದ್ರಶೋಭಾ

ಮರೆತಿದ್ದೆ: ಅಳಿಸಿದ ಸಾಲಿನ ಕೆಳಗೆ ಅಳಿಸಿದವರ ಹೆಸರೂ ಇತ್ತು. ನಿನ್ನದು. ದೊಡ್ಡಪ್ಪನಿಗೆ ಹೇಳಿಲ್ಲ. ದಣಿದು ಬಂದು ಅನುಮಾನದ ಪಟ್ಟಿಯನ್ನು ಒಟ್ಟಿಗೆ ಗುಡಿಸಿಹಾಕಿರಬೇಕು. ಯಾರ ಹೆಸರು ಅಂತಲೂ ನೋಡಲಿಲ್ಲ, ಒಂದು ಪುಟವನ್ನೂ ತೆರೆಯಲಿಲ್ಲ. ತೆರೆದಿದ್ದರೆ ದೊಡ್ಡಪ್ಪ ಬರೆಸಿದ ಮಾದರಿ ಕಾಗದ ಸಿಗುತ್ತಿತ್ತು: "ಮಗು ಹೇಮಕಾಜಿ, ಮ್ಹಪೂಜೆ ದಿನ ಮನೆಯವರೆಲ್ಲರ ಮಂಡಲದ ಜೊತೆ ನಿನ್ನ ಮಂಡಲಾನೂ ಬರೆದು ದೀಪ ಇಟ್ವಿ. ಯಾವಾಗ ಬರ್ತೀಯ?" ನಿನ್ನ ಹನ್ನೆರಡು ಪುಟ ಇನ್ನೂ ಖಾಲಿ ಇವೆ. ಶನಿವಾರದೊಳಗೆ ಏರಿಸು, ನಿನ್ನ ಹೆಸರಲ್ಲಿ. ಇದು ಮೂರನೆಯ ಸಲ. ತಮ್ಮ ಅಂತ ನಾನು ನೋಡುವುದಿಲ್ಲ.